ನೀಟ್ ಬೇಕಾ, ಸಿಇಟಿ ಸಾಕಾ? ಪಶುವೈದ್ಯರಾಗುವ ಆಸೆ ಇರುವವರಿಗೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಕುಷ್ಟಗಿ ತಾಲೂಕಿನ ಹಳ್ಳಿ. ನಾನು ಸೆಕೆಂಡ್ ಪಿಯುಸಿ, ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದ್ದು. ಮನೆಯಲ್ಲಿ ಕುರಿ ಹಿಂಡಿದೆ, ಸ್ವಲ್ಪ ಒಣ ಹೊಲ ಇದೆ. ಪಶುವೈದ್ಯೆ ಆಗಬೇಕು ಅಂತ ಬಹಳ ಆಸೆ. ಒಬ್ಬರು ನೀಟ್ ಬರೆಯಲೇಬೇಕು ಅಂತಾರೆ, ಇನ್ನೊಬ್ಬರು ಸಿಇಟಿ ಸಾಕು ಅಂತಾರೆ. ಕೋಚಿಂಗಿಗೆ ಕಳಿಸುವಷ್ಟು ದುಡ್ಡು ಅಪ್ಪನ ಹತ್ತಿರ ಇಲ್ಲ. ಹೆಣ್ಣುಮಕ್ಕಳಿಗೆ ಈ ಕೆಲಸ ಆಗಲ್ಲ ಅಂತ ಸೋದರಮಾವ ಬೇರೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಕೋಚಿಂಗ್ ಚಿಂತೆ ಬಿಡು. ನಮ್ಮ ರಾಜ್ಯದ ಸರ್ಕಾರಿ ಪಶುವೈದ್ಯ ಕಾಲೇಜುಗಳ ಹೆಚ್ಚಿನ ಸೀಟು ತುಂಬುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಮೇಲೆ. ನೀಟ್ ಬೇಕಾಗುವುದು ಶೇ 15ರ ಅಖಿಲ ಭಾರತ ಕೋಟಾಕ್ಕೆ. ಓದುವ ವಿಷಯ ಎರಡಕ್ಕೂ ಅದೇ ಭೌತ, ರಸಾಯನ, ಜೀವಶಾಸ್ತ್ರ. ಅರ್ಜಿ ಶುಲ್ಕ ಕಟ್ಟಲು ಆಗುತ್ತದೆ ಅಂದರೆ ಎರಡನ್ನೂ ಬರೆ, ಇಲ್ಲದಿದ್ದರೆ ಸಿಇಟಿಗೇ ಪೂರ್ತಿ ಗಮನ ಕೊಡು. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಅರ್ಜಿ ಹಾಕುವಾಗ ಪಶುವೈದ್ಯ ಕೋರ್ಸಿಗೂ ಟಿಕ್ ಮಾಡು. ಪಿಯುಸಿಯನ್ನು ಹಗುರವಾಗಿ ತಗೊಳ್ಳಬೇಡ, ಈ ಮೂರು ವಿಷಯ ಮತ್ತು ಇಂಗ್ಲಿಷ್ ಸೇರಿಸಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 50 ಬೇಕು. ಇಂಗ್ಲಿಷ್ ಅಂಕವೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಗದ ಮಕ್ಕಳು ಅಂಕ ಇದ್ದೂ ಸೀಟು ಕಳೆದುಕೊಳ್ಳುವುದು ಕಾಗದಪತ್ರದಲ್ಲಿ. ನಿನಗೆ ಎಷ್ಟೆಲ್ಲ ದಾರಿ ಇದೆ ನೋಡು. ಸಂವಿಧಾನದ 371(ಜೆ) ವಿಧಿ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿನವರಿಗೆ, ಹೊರಗಿನ ಕಾಲೇಜುಗಳಲ್ಲಿ ಶೇ 8. ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಯಲ್ಲಿ ಪಶುವೈದ್ಯ ಕಾಲೇಜುಗಳಿವೆ. ಇವುಗಳಲ್ಲಿ ನಿನಗೆ ಹತ್ತಿರದ್ದು ಗದಗ, ಆದರೆ ಅದು ನಮ್ಮ ಪ್ರದೇಶದ ಹೊರಗೆ. ದೂರದ ಬೀದರ್ ಒಳಗೆ. ಗದಗವನ್ನೇ ಮೊದಲ ಆಯ್ಕೆ ಮಾಡು, ತೊಂದರೆ ಇಲ್ಲ, ಆದರೆ 'ಅಷ್ಟು ದೂರ ಯಾರು ಹೋಗ್ತಾರೆ' ಅಂತ ಬೀದರನ್ನು ಪಟ್ಟಿಯಿಂದ ಬಿಡಬೇಡ.

ಈ 371(ಜೆ) ಸೀಟಿಗೆ ಬೇಕಾದ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಫಲಿತಾಂಶ ಬಂದ ಮೇಲೆ ಓಡಾಡಿದರೆ ಆಗಲ್ಲ, ಈಗಲೇ ಅರ್ಜಿ ಕೊಡು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಬೇರೆ ಇದೆ. ಆ ಪತ್ರಗಳಿಗೆ ಹೆಡ್‌ಮಾಸ್ತರರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಜಾತಿ, ಆದಾಯ ಪತ್ರದಲ್ಲಿ, ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನಿನ್ನ ಹೆಸರು, ಇನಿಶಿಯಲ್, ಅಪ್ಪನ ಹೆಸರು ಒಂದೇ ತರ ಇವೆಯಾ ಅಂತ ಅಕ್ಷರ ಅಕ್ಷರ ನೋಡು.

ನಿಮ್ಮದು ಹೊಲ ಇರುವ ಮನೆ, ಹಾಗಾಗಿ ಕೃಷಿಕರ ಕೋಟಾಕ್ಕೂ ಪ್ರಯತ್ನಿಸು. ಅದಕ್ಕೆ ಸಿಇಟಿ ಜತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಮೇವು, ಸಲಕರಣೆ ಇಂಥವನ್ನು ಗುರುತಿಸಬೇಕು. ಪೇಟೆಯ ಮಕ್ಕಳು ಫೋಟೊ ನೋಡಿ ಕಲಿಯುವುದನ್ನು ನೀನು ದಿನಾ ಕೈಯಲ್ಲಿ ಹಿಡಿಯುತ್ತೀಯ, ಅಲ್ವಾ? ಪಹಣಿ ಯಾರ ಹೆಸರಲ್ಲಿದೆ ಅಂತ ಅಪ್ಪನನ್ನು ಇವತ್ತೇ ಕೇಳು. ತೀರಿಹೋದ ಅಜ್ಜನ ಹೆಸರಲ್ಲೇ ಇನ್ನೂ ಇದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಸೋದರಮಾವನ ಮಾತಿಗೆ ಬರೋಣ. ಕುರಿ ಈಯುವಾಗ ಮರಿ ಸರಿಯಾಗಿ ಬರುತ್ತಿದ್ದರೆ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣುತ್ತದೆ. ಒಂದು ಕಾಲು ಹಿಂದಕ್ಕೆ ಸಿಕ್ಕಿಕೊಂಡಿದ್ದರೆ ಕೈ ಒಳಗೆ ಹಾಕಿ, ಗರ್ಭಕೋಶಕ್ಕೆ ಚುಚ್ಚದಂತೆ ಮರಿಯ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ನಿಧಾನಕ್ಕೆ ಮುಂದೆ ತರಬೇಕು. ಕುರಿಯ ಒಳಗೆ ಜಾಗ ಕಡಿಮೆ, ಅಲ್ಲಿ ಸಣ್ಣ ಕೈಯೇ ಅನುಕೂಲ. ಎತ್ತು, ಎಮ್ಮೆ ಹಿಡಿಯಲು ಹಗ್ಗ ಇದೆ, ಹಿಡಿಯುವ ವಿಧಾನ ಇದೆ, ಅದನ್ನು ಕಾಲೇಜಿನಲ್ಲೇ ಕಲಿಸುತ್ತಾರೆ. ಬರೀ ತೋಳಿನ ಬಲದಿಂದ ಎತ್ತನ್ನು ಗೆಲ್ಲುವ ಗಂಡಸರೂ ಇಲ್ಲ.

ಕೋರ್ಸ್ ಐದೂವರೆ ವರ್ಷ, ಅದರಲ್ಲಿ ಒಂದು ವರ್ಷ ಇಂಟರ್ನ್‌ಷಿಪ್. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷದ ಅನಾಟಮಿಯಲ್ಲಿ ಒಂದೊಂದು ಮೂಳೆಯ ಹೆಸರೂ ಹೊಸದು, ಕನ್ನಡ ಮಾಧ್ಯಮದ ಮಕ್ಕಳಿಗೆ ಶುರುವಿನಲ್ಲಿ ಕಷ್ಟವಾಗುತ್ತದೆ. ಆಗ ಸೋತೆ ಅಂದುಕೊಂಡು ಊರಿಗೆ ವಾಪಸ್ ಬರಬೇಡ. ನಿಮ್ಮ ಕಡೆ ಕುರಿ, ಮೇಕೆಗಳಿಗೆ ಹರಡುವ ಪಿಪಿಆರ್ ರೋಗ ಬಂದು ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿಯಾಗಿ ಕುರಿ ಸಾಯುವುದನ್ನು ಕಂಡವರ ಮನೆಯಿಂದಲೇ ವೈದ್ಯರು ಬರಬೇಕು. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ದನಕರು ಅಂದರೆ ಪ್ರಾಣ, ಸೈನ್ಸ್ ಮಾತ್ರ ಬೇಡ ಅಂತಾನೆ. ಬೇರೆ ದಾರಿ ಇದೆಯಾ ಮೇಡಂ? (ಸಿಂಧನೂರಿನಿಂದ ಒಬ್ಬ ತಾಯಿ)

ಉತ್ತರ: ಇದೆ ಅಮ್ಮಾ. ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ್ದೇ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ, ಎಸ್ಸೆಸ್ಸೆಲ್ಸಿ ಮೇಲೆ ಸೇರಬಹುದು. ಒಂದು ಮಾತು ಅವನಿಗೆ ಈಗಲೇ ಹೇಳಿ: ಇದನ್ನು ಓದಿದವರು ಡಾಕ್ಟರ್ ಅಲ್ಲ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ಡಾಕ್ಟರೇ ಆಗಬೇಕು ಅಂದರೆ ಪಿಯು ಸೈನ್ಸ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಯಾರಾದರೂ ದುಡ್ಡು ತಗೊಂಡು ನೇರವಾಗಿ ಸೀಟು ಕೊಡಿಸುತ್ತೇನೆ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.