ಮುಳುಗಿದ ವೆಸ್ಟ್ ವರ್ಜೀನಿಯಾ ಮತ್ತೆ ಯುದ್ಧಕ್ಕೆ ಹೋದದ್ದು ಹೇಗೆ?

ಪ್ರಶ್ನೆ: 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದಾಗ ಮುಳುಗಿದ ಅಮೆರಿಕದ ವೆಸ್ಟ್ ವರ್ಜೀನಿಯಾ ಯುದ್ಧನೌಕೆ ಆಮೇಲೆ ಮತ್ತೆ ಯುದ್ಧ ಮಾಡಿತು ಎಂದು ಓದಿದೆ. ಅದು ಹೇಗೆ ಸಾಧ್ಯ? ಅಷ್ಟು ಕಷ್ಟಪಡುವ ಬದಲು ಹೊಸದನ್ನೇ ಕಟ್ಟಬಹುದಿತ್ತಲ್ವಾ?

ಉತ್ತರ: ಅದು ಮುಳುಗಿದ್ದು ಬಂದರಿನೊಳಗೆ. ಅಲ್ಲಿ ಆಳ ಸುಮಾರು 12 ಮೀಟರ್ ಅಷ್ಟೇ. ಹಡಗು ತಳ ಮುಟ್ಟಿದರೂ ಅದರ ಮೇಲ್ಭಾಗ ನೀರಿನ ಮೇಲೇ ಇತ್ತು.

ಆದರೆ ಆಳ ಕಡಿಮೆ ಇದ್ದರೆ ಸಾಲದು. ಡಿಸೆಂಬರ್ 7ರ ಬೆಳಿಗ್ಗೆ ಎಡಬದಿಗೆ ಸಾಲುಸಾಲಾಗಿ ಟಾರ್ಪೆಡೊಗಳು ಬಡಿದು ಹಡಗು ವಾಲತೊಡಗಿತು. ಆಗ ಕ್ಲಾಡ್ ರಿಕೆಟ್ಸ್ ಎಂಬ ಯುವ ಅಧಿಕಾರಿ ಕ್ಯಾಪ್ಟನ್ ಬೆನಿಯನ್ ಅವರ ಒಪ್ಪಿಗೆ ಪಡೆದು, ಬಲಬದಿಯ ಕೋಣೆಗಳಿಗೂ ಬೇಕಂತಲೇ ನೀರು ಬಿಡಿಸಿದರು. ಎರಡೂ ಕಡೆ ಭಾರ ಸರಿಹೋಗಿ ಹಡಗು ನೆಟ್ಟಗೆ ಕೂತಿತು. ಹತ್ತಿರದಲ್ಲೇ ನಿಂತಿದ್ದ ಒಕ್ಲಹೋಮ ಯುದ್ಧನೌಕೆಗೆ ಆ ಅವಕಾಶ ಸಿಗಲಿಲ್ಲ, ಅದು ನಿಮಿಷಗಳಲ್ಲೇ ಮಗುಚಿತು. ನನ್ನ ಪ್ರಕಾರ ವೆಸ್ಟ್ ವರ್ಜೀನಿಯಾ ಉಳಿದದ್ದು ಆ ಕ್ಷಣದಲ್ಲೇ, ರಿಪೇರಿಯಲ್ಲಲ್ಲ. ಅದೃಷ್ಟವೂ ಇತ್ತು ಅನ್ನಿ, ಮೇಲಿಂದ ಬಿದ್ದ ಎರಡು ಬಾಂಬ್‌ಗಳು ಸಿಡಿಯಲಿಲ್ಲ. ಆದರೂ 106 ಮಂದಿ ಸತ್ತರು, ಬೆನಿಯನ್ ಕೂಡ.

ಎತ್ತುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಮುಳುಗುಗಾರರು ಕೆಳಗಿಳಿದು ತೂತುಗಳ ಮೇಲೆ ಮರದ ದೊಡ್ಡ ದೊಡ್ಡ ತೇಪೆ ಹಾಕಿದರು. ಸಂದಿಗಳಿಗೆ ನೀರಿನಡಿಯಲ್ಲೇ ಕಾಂಕ್ರೀಟ್ ಸುರಿದರು. ನಂತರ ಪಂಪ್ ಹಚ್ಚಿ ಒಳಗಿನ ನೀರು ತೆಗೆದರು. 1942ರ ಮೇ 17ರಂದು ಹಡಗು ತೇಲಿತು. ಒಳಗೆ ಹೋದವರಿಗೆ ಹತ್ತಾರು ಶವಗಳು ಸಿಕ್ಕವು. ಒಂದು ಕೋಣೆಯಲ್ಲಿ ಮೂವರು ನಾವಿಕರ ಜೊತೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಡಿಸೆಂಬರ್ 23ರವರೆಗೆ ದಿನಗಳಿಗೆ ಗುರುತು ಹಾಕಲಾಗಿತ್ತು.

ಹೊಸದು ಕಟ್ಟಬಹುದಿತ್ತಾ? ಲೆಕ್ಕ ನೋಡಿದರೆ ನಿಮ್ಮ ಅನುಮಾನ ತಪ್ಪಲ್ಲ. ಅಯೋವಾ ಯುದ್ಧನೌಕೆಯನ್ನು 1940ರ ಜೂನ್‌ನಲ್ಲಿ ಶುರುಮಾಡಿ 1943ರ ಫೆಬ್ರವರಿಗೆ ಮುಗಿಸಿದ್ದರು. ವೆಸ್ಟ್ ವರ್ಜೀನಿಯಾ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಹಡಗುಕಟ್ಟೆಯಿಂದ ಹೊರಬಿದ್ದದ್ದು 1944ರ ಜುಲೈನಲ್ಲಿ. ಅಂದರೆ ಹೊಸದು ಕಟ್ಟಲೂ ಹಳೆಯದನ್ನು ಸರಿಮಾಡಲೂ ಎರಡೂವರೆ ವರ್ಷ ದಾಟಿತು, ಸಮಯದ ಲಾಭ ಜಾಸ್ತಿಯೇನಿಲ್ಲ. ಆದರೆ ಹೊಸ ಹಡಗು ಕಟ್ಟುವ ಜಾಗಗಳು ವಿಮಾನವಾಹಕ ನೌಕೆಗಳಿಗೆ ಬೇಕಾಗಿದ್ದವು, ಹಳೆಯದರ 16 ಇಂಚಿನ ಎಂಟು ತೋಪುಗಳಂತೂ ಚೆನ್ನಾಗಿಯೇ ಇದ್ದವು. 21 ನಾಟ್ ವೇಗದಲ್ಲಿ (ಗಂಟೆಗೆ ಸುಮಾರು 39 ಕಿಲೋಮೀಟರ್) ಓಡುವ ಈ ಹಡಗು ವಿಮಾನವಾಹಕಗಳ ಜೊತೆ ಹೆಜ್ಜೆ ಹಾಕಲಾರದು, ನಿಜ. ದ್ವೀಪಗಳಿಗೆ ಸೈನ್ಯ ಇಳಿಸುವಾಗ ದಡಕ್ಕೆ ಗುಂಡು ಹಾರಿಸಲು ಆ ವೇಗ ಧಾರಾಳ ಸಾಕು.

ಬ್ರೆಮರ್ಟನ್‌ನಲ್ಲಿ ಸಿಕ್ಕ ಹೊಸ ರೇಡಾರ್ 1944ರ ಅಕ್ಟೋಬರ್ 25ರ ಕತ್ತಲಲ್ಲಿ ಕೆಲಸಕ್ಕೆ ಬಂತು. ಫಿಲಿಪ್ಪೀನ್ಸ್‌ನ ಸುರಿಗಾವೊ ಜಲಸಂಧಿಯಲ್ಲಿ ಸುಮಾರು 21 ಕಿಲೋಮೀಟರ್ ದೂರದಿಂದ ಜಪಾನಿನ ಪಡೆಯ ಮೇಲೆ ಗುಂಡು ಶುರುಮಾಡಿ, 93 ಗುಂಡು ಹಾರಿಸಿತು. ಒಂದೊಂದೂ ಸುಮಾರು ಒಂದು ಟನ್. ಜಪಾನಿನ ಯಮಾಶಿರೊ ಯುದ್ಧನೌಕೆ ಆ ರಾತ್ರಿ ಮುಳುಗಿತು. ಅಲ್ಲಿ ಸಾಲುಗಟ್ಟಿದ್ದ ಆರು ಅಮೆರಿಕನ್ ಯುದ್ಧನೌಕೆಗಳಲ್ಲಿ ಐದು ಪರ್ಲ್ ಹಾರ್ಬರ್ ದಾಳಿ ಕಂಡಂಥವೇ. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ವೆಸ್ಟ್ ವರ್ಜೀನಿಯಾ ಟೋಕಿಯೊ ಕೊಲ್ಲಿಯಲ್ಲೇ ಇತ್ತು. 1959ರಲ್ಲಿ ಅದನ್ನು ಗುಜರಿಗೆ ಮಾರಿದರು.