ಪ್ರಮಾಣಪತ್ರವಿಲ್ಲದ ಕರೆ ವಿವರ: ಮೇಲ್ಮನವಿಯಲ್ಲಿ ಆಕ್ಷೇಪ ಎತ್ತಬಹುದೇ?

ಪ್ರಶ್ನೆ: ಸೆಷನ್ಸ್ ಕೋರ್ಟಿನಲ್ಲಿ ಮೊಬೈಲ್ ಕರೆ ವಿವರಗಳನ್ನು, ವಿದ್ಯುನ್ಮಾನ ದಾಖಲೆಗೆ ಕಾನೂನು ಕೇಳುವ ಪ್ರಮಾಣಪತ್ರವಿಲ್ಲದೆ, ಗುರುತು ಮಾಡಿದರು (ಸಾಕ್ಷ್ಯವಾಗಿ ಕಡತಕ್ಕೆ ಸೇರಿಸಿದರು). ನಮ್ಮ ವಕೀಲರು ಆಕ್ಷೇಪಿಸಲಿಲ್ಲ. ಈಗ ಶಿಕ್ಷೆಯಾಗಿದೆ. ಇದೊಂದರಿಂದಲೇ ಹೈಕೋರ್ಟ್ ತೀರ್ಪು ರದ್ದು ಮಾಡುತ್ತದೆಯೇ?

ಉತ್ತರ: ಕಷ್ಟ. 2017ರ ಸೋನು ವಿರುದ್ಧ ಹರಿಯಾಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಶ್ನೆ ಎದುರಿಸಿತು. ರುಜುವಾತಿನ ವಿಧಾನದ ಬಗ್ಗೆ, ಅಂದರೆ ದಾಖಲೆಯನ್ನು ಸಾಬೀತುಪಡಿಸಿದ ರೀತಿಯ ಬಗ್ಗೆ, ತಕರಾರಿದ್ದರೆ ಗುರುತು ಮಾಡುವಾಗಲೇ ಎತ್ತಬೇಕು. ಆಗ ಎತ್ತಿದ್ದರೆ ಪ್ರಾಸಿಕ್ಯೂಷನ್ ಲೋಪ ಸರಿಪಡಿಸಿಕೊಳ್ಳುತ್ತಿತ್ತು ಎಂದಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯಂಥ, ಮೂಲತಃ ಒಪ್ಪಲಾಗದ ಸಾಕ್ಷ್ಯದ ಮಾತು ಬೇರೆ. ಅದನ್ನು ಮೇಲ್ಮನವಿಯಲ್ಲೂ ಪ್ರಶ್ನಿಸಬಹುದು.

ಆಕ್ಷೇಪ ಗೆದ್ದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 169ನೇ ಕಲಂ (ಹಳೆಯ ಸಾಕ್ಷ್ಯ ಕಾಯ್ದೆಯ 167) ಅಡ್ಡ ಬರುತ್ತದೆ: ಆ ಸಾಕ್ಷ್ಯ ಬಿಟ್ಟು ಉಳಿದದ್ದು ಸಾಕಾದರೆ ತೀರ್ಪು ನಿಲ್ಲುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಒಪ್ಪಲಾಗದು’ ಎಂದಷ್ಟೇ ಬರೆಯಬೇಡಿ. ಕರೆ ವಿವರ ತೆಗೆದರೆ ಯಾವ ಸಾಕ್ಷಿಯ ಯಾವ ಮಾತಿಗೆ ಆಧಾರ ತಪ್ಪುತ್ತದೆ, ಸಾಂದರ್ಭಿಕ ಸಾಕ್ಷ್ಯದ ಸರಪಳಿಯ ಯಾವ ಕೊಂಡಿ ಕಳಚುತ್ತದೆ ಎಂದು ಪುಟಸಂಖ್ಯೆ ಸಮೇತ ತೋರಿಸಿ.

ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿದೆ (ಕ್ರಿಮಿನಲ್ ವಿಚಾರಣೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 432). ಪ್ರಾಸಿಕ್ಯೂಷನ್ ಪ್ರಮಾಣಪತ್ರ ತರಲು ಯತ್ನಿಸಿದರೆ ಉತ್ತರ ಸಿದ್ಧವಿರಲಿ. ಮರಣದಂಡನೆಯಲ್ಲದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಗಡುವು.