ಓದುಗರ ಪ್ರಶ್ನೆ: ಆರು ಅಂಗುಲದ ಕಿಂಡಲ್ ಸಾಕೇ, ಏಳು ಅಂಗುಲದ್ದು ಬೇಕೇ?

ಪ್ರಶ್ನೆ: ಮಾನ್ಯರೇ, ನಾನು ಮಂಡ್ಯದವನು, ವಯಸ್ಸು 54. ಕೆಲಸ ಮೈಸೂರಿನಲ್ಲಿ. ದಿನವೂ ರೈಲಿನಲ್ಲಿ ಹೋಗಿಬರುವ ಹೊತ್ತನ್ನೆಲ್ಲ ಓದಿಗೆ ಮೀಸಲಿಟ್ಟಿದ್ದೇನೆ. ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತೇನೆ. ಅದರ ಜೊತೆಗೆ ಅಂತರ್ಜಾಲದಿಂದ ಇಳಿಸಿಕೊಂಡ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ನನ್ನ ಬಳಿ ಬಹಳಷ್ಟಿವೆ. ಮೊಬೈಲಿನಲ್ಲಿ ಓದಿದರೆ ಕಣ್ಣು ಉರಿಯುವುದರಿಂದ ಇ-ಪುಸ್ತಕ ಓದಲೆಂದೇ ಅಮೆಜಾನ್ ಮಾರುವ ಸಾಧನವಾದ ಕಿಂಡಲ್ ಕೊಳ್ಳಬೇಕೆಂದಿದ್ದೇನೆ. ಆರು ಅಂಗುಲದ ಸಾದಾ ಕಿಂಡಲ್ 10,000 ರೂಪಾಯಿಯ ಆಸುಪಾಸಿನಲ್ಲಿ, ಏಳು ಅಂಗುಲದ ಪೇಪರ್‌ವೈಟ್ 17,000 ರೂಪಾಯಿಯ ಹತ್ತಿರ ನನಗೆ ಸಿಗುತ್ತಿವೆ. ಒಂದಂಗುಲಕ್ಕೆ ಏಳು ಸಾವಿರ ಹೆಚ್ಚು ಕೊಡುವುದು ಸರಿಯೇ?

ಉತ್ತರ: ನೀವು ಇಂಗ್ಲಿಷ್ ಕಾದಂಬರಿಗಳನ್ನಷ್ಟೇ ಓದುವವರಾಗಿದ್ದರೆ ಸಾದಾ ಕಿಂಡಲ್ ಕೊಂಡುಕೊಳ್ಳಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಸ್ಕ್ಯಾನ್ ಪ್ರತಿಗಳ ಮಾತು ಬಂದಿರುವುದರಿಂದ ಪೇಪರ್‌ವೈಟನ್ನೇ ಕೊಳ್ಳಿ ಎನ್ನುತ್ತೇನೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಎರಡರಲ್ಲೂ ಸಮಾನವಾಗಿರುವುದನ್ನು ನೋಡೋಣ. ಎರಡೂ ಇ-ಇಂಕ್ ಪರದೆಯವು. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳಿಗೆಗಳಿದ್ದು, ಅವುಗಳಲ್ಲಿ ವಿರುದ್ಧ ವಿದ್ಯುದಾವೇಶವುಳ್ಳ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ; ಯಾವುದು ಮೇಲಕ್ಕೆ ಬರಬೇಕೆಂಬುದನ್ನು ವಿದ್ಯುತ್ತು ನಿರ್ಧರಿಸುತ್ತದೆ. ಅಕ್ಷರ ಮೂಡಿದ ಮೇಲೆ ಅದು ಹಾಗೆಯೇ ನಿಲ್ಲುವುದರಿಂದ ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕು. ಕಾಗದದಂತೆಯೇ ಹೊರಗಿನ ಬೆಳಕು ತಾಗಿ ಕಾಣುವ ಅಕ್ಷರವಾದ್ದರಿಂದ ರೈಲಿನ ಕಿಟಕಿಯ ಬಿಸಿಲಿನಲ್ಲಿ ಮೊಬೈಲ್ ಮಂಕಾದರೂ ಇದು ಮಂಕಾಗುವುದಿಲ್ಲ. ಈ ಗುಣ ಎರಡಕ್ಕೂ ಒಂದೇ. ಅಂಗುಲಕ್ಕೆ 300 ಚುಕ್ಕೆಗಳ ಸಾಂದ್ರತೆ, 16 ಜಿಬಿ ಜಾಗ, ಎರಡೂ ಸಮ. ಹೀಗಾಗಿ ದುಬಾರಿಯದರಲ್ಲಿ ಅಕ್ಷರ ಹೆಚ್ಚು ಸ್ಫುಟವಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಸ್ಕ್ಯಾನ್ ಪ್ರತಿಯ ವಿಚಾರ. ಇಂಗ್ಲಿಷ್ ಕಾದಂಬರಿಯ ಇ-ಪುಸ್ತಕದಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಸಾಲುಗಳು ತಾವಾಗಿಯೇ ಮುರಿದು ಹೊಸದಾಗಿ ಜೋಡಣೆಯಾಗುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟದ ಛಾಯಾಚಿತ್ರವಷ್ಟೇ. ಪುಟ ಕುಗ್ಗಿದರೆ ಅಕ್ಷರವೂ ಕುಗ್ಗುತ್ತದೆ. ನಮ್ಮ ಬಹುಪಾಲು ಕನ್ನಡ ಪುಸ್ತಕಗಳು ಡೆಮಿ 1/8 ಆಕಾರದವು, ಅಂದರೆ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ಆರು ಅಂಗುಲ ಎನ್ನುವುದು ಪರದೆಯ ಕರ್ಣದ ಅಳತೆ. ಅದರ ಅಗಲ 3.6, ಎತ್ತರ 4.8 ಅಂಗುಲ ಮಾತ್ರ. ಇಡೀ ಪುಟವನ್ನು ಅದರಲ್ಲಿ ಕೂರಿಸಿದರೆ 12 ಪಾಯಿಂಟ್ (ಅಚ್ಚಿನ ಅಕ್ಷರದ ಗಾತ್ರದ ಅಳತೆ) ಇದ್ದ ಅಕ್ಷರ 7 ಪಾಯಿಂಟಿಗಿಂತಲೂ ಚಿಕ್ಕದಾಗುತ್ತದೆ. ಏಳು ಅಂಗುಲದ ಪರದೆ 4.2 ಅಗಲ, 5.6 ಎತ್ತರ ಇರುತ್ತದೆ; ಅದರಲ್ಲಿ ಅದೇ ಅಕ್ಷರ 8 ಪಾಯಿಂಟಿನ ಹತ್ತಿರಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಮೊದಲೇ ಪುಟದ ನಾಲ್ಕೂ ಕಡೆಯ ಖಾಲಿ ಅಂಚನ್ನು ಕತ್ತರಿಸಿ ಹಾಕಿಕೊಂಡರೆ ಸಣ್ಣದರಲ್ಲಿ 8, ದೊಡ್ಡದರಲ್ಲಿ 9ರಿಂದ 10 ಪಾಯಿಂಟ್ ಸಿಗುತ್ತದೆ. ಕಾಗದದ ಮೇಲೆ ಬರೆದಾಗ ಈ ವ್ಯತ್ಯಾಸ ಅಲ್ಪವೆನಿಸಬಹುದು. ಕನ್ನಡ ಲಿಪಿಯಲ್ಲಿ ಅದು ಅಲ್ಪವಲ್ಲ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಗೀಟು. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕುಳಿತಿರುತ್ತದೆ. ಅಚ್ಚಿನ ಮೊಳೆ ಸವೆದಿದ್ದ ಹಳೆಯ ಪುಸ್ತಕದ ಸ್ಕ್ಯಾನಿನಲ್ಲಿ ಮೊದಲು ಅಳಿಸಿಹೋಗುವುದು ಈ ಗೀಟು ಮತ್ತು ಈ ಒತ್ತು.

ನಾನೇ ಕೆಲವು ವರ್ಷ ಆರು ಅಂಗುಲದ ಪರದೆಯಲ್ಲಿ ಇಂಥ ಪ್ರತಿಗಳನ್ನು ಓದಿದ್ದೇನೆ. ಒಮ್ಮೆ ಮುದ್ರಿತ ಪುಸ್ತಕವನ್ನೂ ಅದರ ಸ್ಕ್ಯಾನನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದಾಗ, ‘ಬಾರ’ ಎಂದು ನಾನು ಓದಿದ್ದ ಪದ ಪುಸ್ತಕದಲ್ಲಿ ‘ಭಾರ’ ಆಗಿತ್ತು; ವಾಕ್ಯದ ಅರ್ಥವೇ ಬೇರೆಯಾಗಿತ್ತು. ಅಂದಿನಿಂದ ಪರದೆಯನ್ನು ಅಡ್ಡಡ್ಡ ತಿರುಗಿಸಿ ಓದುವ ರೂಢಿ ಮಾಡಿಕೊಂಡೆ. ಆಗ 4.8 ಅಂಗುಲ ಅಗಲ ಸಿಕ್ಕಿ ಅಕ್ಷರ ಅಚ್ಚಿನಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ಒಂದು ಪುಟ ಮೂರು ತುಂಡಾಗುತ್ತದೆ. ಮನೆಯಲ್ಲಿ ಕುಳಿತು ಓದುವಾಗ ಅದನ್ನು ಸಹಿಸಬಹುದು. ಪಾಂಡವಪುರದಲ್ಲಿ ಜನ ಹತ್ತಿ ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಮಾಡುವುದು ಕಷ್ಟ.

ಉಳಿದ ವ್ಯತ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ಕತ್ತಲಲ್ಲಿ ಓದಲು ಎರಡರಲ್ಲೂ ಒಳಗೇ ದೀಪವಿದೆ. ಸಾದಾ ಕಿಂಡಲಿನ ಬೆಳಕು ಬಿಳಿಯದು ಮಾತ್ರ. ಪೇಪರ್‌ವೈಟಿನಲ್ಲಿ ಅದನ್ನು ಹಳದಿಗೆ ತಿರುಗಿಸಬಹುದು. ರಾತ್ರಿ ಮಲಗುವ ಮುನ್ನ ಓದುವವರಿಗೆ ಅದು ಹಿತವೆನಿಸುತ್ತದೆ. ಪೇಪರ್‌ವೈಟ್ ನೀರಿಗೆ ಜಗ್ಗುವುದಿಲ್ಲ, ಸಾದಾ ಕಿಂಡಲಿಗೆ ಆ ರಕ್ಷಣೆ ಇಲ್ಲ. ಮಳೆಗಾಲದಲ್ಲಿ ಕಿಟಕಿಯ ಪಕ್ಕ ಕೂರುವ ನಿಮಗೆ ಇದು ಲೆಕ್ಕಕ್ಕೆ ಬರುವ ಸಂಗತಿ. ದಿನಕ್ಕೆ ಅರ್ಧ ಗಂಟೆ ಓದಿದರೆ ಬ್ಯಾಟರಿ ಸಾದಾ ಕಿಂಡಲಿನಲ್ಲಿ 6 ವಾರ, ಪೇಪರ್‌ವೈಟಿನಲ್ಲಿ 12 ವಾರ ಬರುತ್ತದೆಂದು ಕಂಪನಿ ಹೇಳುತ್ತದೆ. ನೀವು ದಿನಕ್ಕೆ ಎರಡು ಗಂಟೆ ಓದುವವರೆಂದು ಭಾವಿಸಿ ಇದನ್ನು ನಾಲ್ಕರಿಂದ ಭಾಗಿಸಿಕೊಳ್ಳಿ. ಆಗಲೂ ಎರಡರಲ್ಲಿ ಯಾವುದೂ ದಾರಿಯಲ್ಲಿ ಕೈಕೊಡುವುದಿಲ್ಲ. ತೂಕದಲ್ಲಿ ಮಾತ್ರ ಸಾದಾ ಕಿಂಡಲ್ ಮೇಲು: ಅದು 158 ಗ್ರಾಂ, ಪೇಪರ್‌ವೈಟ್ 211 ಗ್ರಾಂ. ಐವತ್ತು ಗ್ರಾಂ ಹೆಚ್ಚು ಹೊರುವುದು ಕಣ್ಣು ಕಿರಿದಾಗಿಸಿ ಓದುವುದಕ್ಕಿಂತ ವಾಸಿ.

ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಕಿಂಡಲ್ ಇರುವ ಸ್ನೇಹಿತರೊಬ್ಬರನ್ನು ಹುಡುಕಿ, ನಿಮ್ಮ ಬಳಿ ಇರುವ ಪ್ರತಿಗಳಲ್ಲಿ ತೀರಾ ಮಸುಕಾದದ್ದನ್ನೇ ಆರಿಸಿ ಅದರಲ್ಲಿ ಹಾಕಿಸಿ, ಹತ್ತು ಪುಟ ಓದಿ ನೋಡಿ. ಅಂಗಡಿಯಲ್ಲಿ ತೋರಿಸುವ ಅಂದವಾದ ಇಂಗ್ಲಿಷ್ ಪುಟದಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸ್ಕ್ಯಾನ್ ಅಲ್ಲದ ಕನ್ನಡ ಪಠ್ಯವನ್ನೂ, ಉದಾಹರಣೆಗೆ ಉಚಿತ ಪುಸ್ತಕಗಳ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಿಂದ ಇಳಿಸಿಕೊಂಡ ಇಪಬ್ ಎಂಬ ಇ-ಪುಸ್ತಕ ಕಡತವನ್ನೂ, ಅದೇ ಕಿಂಡಲಿಗೆ ಕಳುಹಿಸಿ ನೋಡಿ. ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ಎಂಬ ಪದಗಳು ಒತ್ತು ಚದುರದೆ ಸರಿಯಾಗಿ ಮೂಡಿದರೆ ಉಳಿದವೂ ಮೂಡುತ್ತವೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದ ಕಡತಗಳಿದ್ದರೆ ಅವನ್ನು ಇಂದಿನ ಸಾಧನಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಾಯಿಸದೆ ಕಳುಹಿಸಬೇಡಿ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ, ತಪ್ಪು ಸಾಧನದ್ದೆಂದು ನೀವು ತಿಳಿಯುವಿರಿ.

ಪ್ರಶ್ನೆ: ಮೈಸೂರಿನಲ್ಲಿರುವ ನನ್ನ ತಾಯಿಯವರು ಹೊಸ ಕನ್ನಡ ಪುಸ್ತಕಗಳನ್ನು ಮೈಲ್ಯಾಂಗ್ ಆ್ಯಪ್‌ನಲ್ಲಿ ಕೊಂಡು ಮೊಬೈಲಿನಲ್ಲೇ ಓದುತ್ತಾರೆ. ಅವರಿಗೆ ಈ ಎರಡು ಕಿಂಡಲ್‌ಗಳಲ್ಲಿ ಯಾವುದನ್ನು ಕೊಡಿಸಲಿ?

ಉತ್ತರ: ಎರಡನ್ನೂ ಬೇಡ. ಕಿಂಡಲ್‌ನಲ್ಲಿ ಹೊರಗಿನ ಆ್ಯಪ್‌ಗಳನ್ನು ಹಾಕಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಅವರು ಈಗಾಗಲೇ ಹಣ ಕೊಟ್ಟು ಕೊಂಡಿರುವ ಪುಸ್ತಕಗಳು ಅದರಲ್ಲಿ ತೆರೆಯುವುದಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಮಳಿಗೆಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ನೋವು ಕನ್ನಡದ ಓದುಗನಾದ ನನಗೆ ಇಂದಿಗೂ ಇದೆ. ತಾಯಿಯವರಿಗೆ ಇ-ಇಂಕ್ ಪರದೆಯೇ ಬೇಕೆಂದರೆ ಆಂಡ್ರಾಯ್ಡ್ ಮೇಲೆ ನಡೆಯುವ ಓನಿಕ್ಸ್ ಬೂಕ್ಸ್‌ನಂಥ ಸಾಧನವನ್ನು ನೋಡಿ. ಕೊಳ್ಳುವ ಮುನ್ನ ಆ ಆ್ಯಪ್ ಅದರಲ್ಲಿ ನಡೆಯುತ್ತದೆಯೇ, ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ಮಾರುವವರಲ್ಲಿ ಕೇಳಿಕೊಳ್ಳಿ. ಅಷ್ಟು ಖರ್ಚು ಭಾರವೆನಿಸಿದರೆ ಎಂಟು ಅಂಗುಲದ ಸಾಧಾರಣ ಟ್ಯಾಬ್ಲೆಟ್ಟಿನಲ್ಲಿ ಬೆಳಕನ್ನು ತಗ್ಗಿಸಿ, ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ ಕೊಡಿ. ಮೊಬೈಲಿಗಿಂತ ಅವರಿಗೆ ಎಷ್ಟೋ ಆರಾಮವಾಗುತ್ತದೆ.